ಗೋಣಿಕೊಪ್ಪಲಿನ ಹಸಿರು ಆಕಾಶ

ಕಳೆದ ತಿಂಗಳು ನಮ್ಮ ಸಾರ್ ನಿವೃತ್ತರಾದರು. ಕುಶಾಲನಗರದ ಹೊರಗಿರುವ ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಅಂಗಳದಲ್ಲಿ ಶಾಮಿಯಾನ ಹಾಕಿ, ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಕೊಟ್ಟು ಕಳುಹಿಸಿದೆವು. ಮಾತಾಡಿದವರೆಲ್ಲ ಅವರ ನಾಲಿಗೆಯನ್ನೇ ಹೊಗಳಿದರು. ಒಂದು ಗುಟುಕು ಬಾಯಿಗೆ ಹಾಕಿದರೆ ಯಾವ ಕಡೆಯ ತೋಟ, ಎಷ್ಟು ದಿನ ಒಣಗಿದ ಬೀಜ, ಚೀಲ ಎಂಥ ಗೋದಾಮಿನಲ್ಲಿ ಕೂತಿತ್ತು ಎಂದು ಹೇಳಿಬಿಡುತ್ತಿದ್ದರಂತೆ. ಹೇಳುತ್ತಿದ್ದರು, ಸುಳ್ಳಲ್ಲ. ಆದರೆ ಇದೇ ಮನುಷ್ಯ ಮೂವತ್ತು ವರ್ಷ ಟೀವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಗುದ್ದಾಟದ ವಿಡಿಯೋ ಗೇಮ್ ಆಡಿದ್ದನ್ನು ಒಬ್ಬರೂ ಎತ್ತಲಿಲ್ಲ. ಮರ್ಯಾದೆಗೆಂದು ಬಿಟ್ಟರೋ, ಮರೆತೇ ಬಿಟ್ಟರೋ, ನನಗಂತೂ ಹೊಟ್ಟೆ ಉರಿಯಿತು. ಅದನ್ನು ಬಿಟ್ಟರೆ ಸಾರ್ ಅರ್ಧ ಮಾತ್ರ ಉಳಿಯುತ್ತಾರೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಕ್ಯೂರಿಂಗ್ ವರ್ಕ್ಸ್ ಎಂದರೆ ತೋಟದಿಂದ ಬಂದ ಕಾಫಿಯ ಸಿಪ್ಪೆ ತೆಗೆದು, ಬೀಜ ವಿಂಗಡಿಸುವ ಜಾಗ. ಸಾರ್ ಅಲ್ಲಿ ರುಚಿ ನೋಡುವವರು. ಮಡಿಕೇರಿಯ ಪೂಜೆ ಭಟ್ಟರ ಮನೆ ಅವರದು. ಅಪ್ಪ, ದೊಡ್ಡಪ್ಪ ಎಲ್ಲ ದೇವಸ್ಥಾನದಲ್ಲಿ ಗಂಟೆ ಹಿಡಿದವರು. ಇವರೊಬ್ಬರು ಚಮಚ ಹಿಡಿದರು. ಆಳವಾದ ಆ ಚಮಚವನ್ನು ಬಿಳಿ ಕರ್ಚೀಫಿನಲ್ಲಿ ಸುತ್ತಿ ಶರ್ಟಿನ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಕೇಳಿದರೆ "ಮಡಿ" ಎಂದು ನಗುತ್ತಿದ್ದರು. ಮನೆಯಲ್ಲಿ ಮಡಿಯೂ ಇಲ್ಲ ಮೈಲಿಗೆಯೂ ಇಲ್ಲ ಎಂದು ಅಕ್ಕನೇ ಹೇಳುತ್ತಿದ್ದರು. ಅಕ್ಕ ಎಂದರೆ ಸಾರ್ ಹೆಂಡತಿ. ನಾನು ಹಾಗೇ ಕರೆಯುವುದು.

ನಾನು ಶನಿವಾರಸಂತೆ ಕಡೆಯವಳು. ಹದಿನಾಲ್ಕು ವರ್ಷದ ಹಿಂದೆ ಬಿಎಸ್ಸಿ ಮುಗಿಸಿ ಸಾರ್ ಕೈಕೆಳಗೆ ಸ್ಯಾಂಪಲ್ ರೂಮಿಗೆ ಬಂದು ಸೇರಿದೆ. ಕೆಲಸ ಹೀಗೆ: ಒಂದೊಂದು ಕಾಫಿಗೆ ಐದೈದು ಬಟ್ಟಲು. ಪುಡಿ ಹಾಕಿ, ಬಿಸಿನೀರು ಹೊಯ್ದು, ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದು ವಾಸನೆ ನೋಡಬೇಕು. ಆಮೇಲೆ ಸುರ್ರೆಂದು ಎಳೆದು, ನಾಲಿಗೆಯಲ್ಲಿ ಆಡಿಸಿ, ಉಗುಳಬೇಕು. ಯಾವುದು ಯಾರ ಕಾಫಿ ಎಂದು ಮೊದಲೇ ಗೊತ್ತಾಗಬಾರದು. ಹೆಸರಿನ ಚೀಟಿ ಬಟ್ಟಲಿನ ತಳಕ್ಕೆ ಅಂಟಿಸಿರುತ್ತದೆ. ಹಾಳೆಯಲ್ಲಿ ಎರಡು ಕಾಲಂ. ಮೊದಲನೆಯದರಲ್ಲಿ ಸಾರ್ ನೂರಕ್ಕೆ ಹಾಕುವ ಮಾರ್ಕು, ಎರಡನೆಯದರಲ್ಲಿ ನನ್ನದು. ಬರೆದದ್ದನ್ನು ಅಳಿಸುವ ಹಾಗಿಲ್ಲ. ತಪ್ಪಾಗಿದ್ದರೆ ಹಳೆಯದು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಇದು ಸಾರ್ ಮಾಡಿದ ಕಾನೂನು.

ನನ್ನ ಕಾಲಂ ಬಹಳ ವರ್ಷ ಅವರ ಕಾಲಮ್ಮಿನ ನಕಲೇ ಆಗಿತ್ತು. ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ. ಬಟ್ಟಲಿಂದ ಕಾಫಿ ಎಳೆಯುವಾಗ ನನ್ನ ಕಣ್ಣು ಮಾತ್ರ ಸಾರ್ ಮುಖದ ಮೇಲಿರುತ್ತಿತ್ತು. ಹುಬ್ಬು ಗಂಟಾದರೆ ಎಂಬತ್ತಕ್ಕೆ ಕೆಳಗೆ, ಮೂಗು ಅರಳಿದರೆ ಮೇಲೆ. ಒಂದು ದಿನ ಎರಡು ಸಾಲು ಬಟ್ಟಲು ಇಟ್ಟರು. ಮೊದಲ ಸಾಲು ಕುಡಿದು ತಲೆ ಆಡಿಸಿದರು. ಎರಡನೆಯ ಸಾಲಿಗೆ ಬೇವಿನ ಕಷಾಯ ಕುಡಿದವರಂತೆ ಮುಖ ಮಾಡಿದರು. ನಾನು ಸಹ ಎಳೆದು, ಉಗುಳಿ, ಬಹಳ ತಿಳಿದವಳ ಹಾಗೆ ಹೇಳಿದೆ, "ಎರಡನೇದ್ರಲ್ಲಿ ಹುಳಿ ಹಿಡಿದೈತೆ ಸಾರ್."

ಸಾರ್ ಎರಡೂ ಸಾಲಿನಿಂದ ಒಂದೊಂದು ಬಟ್ಟಲು ಮಗುಚಿ ತಳದ ಚೀಟಿ ತೋರಿಸಿದರು. ಎರಡರ ಮೇಲೂ ಒಂದೇ ಹೆಸರು.

"ಎರಡೂ ಒಂದೇ ಕಾಫಿ ಮಾರಾಯ್ತಿ! ನೀನು ಕಾಫಿ ಕುಡಿಯೂದಿಲ್ಲ, ನನ್ನ ಮುಖ ಕುಡಿಯೂದು!"

ಅವತ್ತಿನಿಂದ ಅವರು ಗೋಡೆ ಕಡೆ ಮುಖ ಮಾಡಿ ರುಚಿ ನೋಡಲು ಶುರುಮಾಡಿದರು. ನಾನು ಬೆನ್ನು ಓದುವುದನ್ನು ಕಲಿತೆ.

ಇನ್ನೊಂದು ಸಂಗತಿ ಇಲ್ಲಿ ಹೇಳಲೇಬೇಕು, ಮುಂದಕ್ಕೆ ಬೇಕಾಗುತ್ತದೆ. ಒಂದು ಬೆಳಿಗ್ಗೆ ನಾಲ್ಕು ತೋಟದ ಕಾಫಿ ಇಟ್ಟಿದ್ದೆವು. ಇಪ್ಪತ್ತು ಬಟ್ಟಲಲ್ಲೂ ಕೆಸರಿನ ವಾಸನೆ. ನಾನು ನಾಲ್ಕಕ್ಕೂ ಸೊನ್ನೆ ಹಾಕಲು ಪೆನ್ನು ಎತ್ತಿದೆ. ಸಾರ್ ನನ್ನ ಕೈ ಹಿಡಿದು ನಿಲ್ಲಿಸಿ, ಕೆಟಲಿನ ನೀರನ್ನೇ ಒಂದು ಗುಟುಕು ಕುಡಿದರು. ಹಿಂದಿನ ದಿನ ಪೈಪು ಒಡೆದು, ಯಾರೋ ಹಾರಂಗಿ ಕಾಲುವೆಯ ನೀರನ್ನು ಟ್ಯಾಂಕಿಗೆ ತುಂಬಿಸಿದ್ದರು. "ಒಂದು ಬಟ್ಟಲು ಕೆಟ್ಟರೆ ಕಾಫಿಗೆ ಬೈಯಿ. ಎಲ್ಲ ಬಟ್ಟಲೂ ಒಂದೇ ಥರ ಕೆಟ್ಟರೆ ಬೈಬೇಡ, ಮೊದಲು ನೀರು ನೋಡು" ಎಂದರು. ಇದನ್ನು ಅವರು ನನಗೆ ನೂರು ಸಲ ಹೇಳಿರಬೇಕು.

ಈಗ ಆಟಕ್ಕೆ ಬರುತ್ತೇನೆ.

ಸೇರಿದ ಎರಡನೇ ತಿಂಗಳಲ್ಲಿ ಒಂದು ಭಾನುವಾರ ಊಟಕ್ಕೆ ಕರೆದರು. ದೊಡ್ಡ ಆಫೀಸರ ಮನೆ, ಸಂಗೀತ ಇರುತ್ತದೆ, ಪುಸ್ತಕ ಇರುತ್ತದೆ ಎಂದುಕೊಂಡು ರೇಷ್ಮೆ ಸೀರೆ ಉಟ್ಟು ಹೋದೆ. ಬಾಗಿಲು ತೆಗೆದರೆ ಒಳಗಿನಿಂದ "ಹಾ! ಹೂ! ಡಿಶ್!" ಎಂದು ಸದ್ದು. ಸಾರ್ ಪಂಚೆ ಮೇಲೆ ಕಟ್ಟಿಕೊಂಡು ನೆಲದ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಅಕ್ಕ, ಸೊಂಟಕ್ಕೆ ಸೆರಗು ಸಿಕ್ಕಿಸಿ. ಇಬ್ಬರ ಕೈಯಲ್ಲೂ ಆಟದ ಗುಂಡಿ ಪೆಟ್ಟಿಗೆ. ಟೀವಿಯಲ್ಲಿ ಒಬ್ಬ ಮೀನು ಬಲೆಯವನಿಗೂ ಕೊಡೆ ಹಿಡಿದ ಒಬ್ಬಳು ಅಜ್ಜಿಗೂ ಜೋರು ಹೊಡೆದಾಟ. ಅಜ್ಜಿ ಬಲೆಯವನನ್ನು ಕೊಡೆಯಲ್ಲಿ ಎತ್ತಿ ಒಗೆಯುತ್ತಿದ್ದಾಳೆ.

"ಬಾ ಕೂತ್ಕೋ, ಈ ಮನುಷ್ಯನಿಗೆ ಇನ್ನೊಂದು ನಾಲ್ಕು ಕೊಟ್ಟು ಬರ್ತೇನೆ" ಎಂದರು ಅಕ್ಕ.

ಅಕ್ಕನ ಆಟದ ಗುಟ್ಟು ಆಮೇಲೆ ತಿಳಿಯಿತು. ಇರುವ ಆರು ಗುಂಡಿಗಳಲ್ಲಿ ಅವರು ಒತ್ತುತ್ತಿದ್ದುದು ಒಂದನ್ನೇ. ಒತ್ತುತ್ತಲೇ ಇರುತ್ತಿದ್ದರು. ಸಾರ್ ಹಿಂದೆ ಸರಿದು, ಕೂತು, ಎದ್ದು, ಸುತ್ತಿ, ಏನೇನೋ ಶಾಸ್ತ್ರೋಕ್ತವಾಗಿ ಮಾಡುವಷ್ಟರಲ್ಲಿ ಅಜ್ಜಿಯ ಕೊಡೆ ಬಂದಾಗಿರುತ್ತಿತ್ತು. "ಇದು ಆಟ ಅಲ್ಲ, ಇದು ಒರಳಲ್ಲಿ ಕುಟ್ಟೂದು" ಎಂದು ಸಾರ್ ಗೊಣಗುತ್ತಿದ್ದರು. "ಸೋತವರ ಮಾತು" ಎನ್ನುತ್ತ ಅಕ್ಕ ಹಪ್ಪಳ ಕರಿಯಲು ಏಳುತ್ತಿದ್ದರು.

ಆ ಆಟದ ಮೂಲ ಗೋಣಿಕೊಪ್ಪಲು. ಸಾರ್ ಹುಡುಗುವಯಸ್ಸಿನಲ್ಲಿ ಪಾಲಿಬೆಟ್ಟದ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಕಾಫಿ ಕೊಯ್ಯುವವರ ಹಾಜರಿ ಬರೆಯುವುದು, ಕೂಲಿ ಲೈನುಮನೆಗಳ ಜಗಳ ಬಿಡಿಸುವುದು, ಇದು ಕೆಲಸ. ಸಂತೆಯ ದಿನ ಸಾಮಾನು ತರಲು ಗೋಣಿಕೊಪ್ಪಲಿಗೆ ಜೀಪಿನಲ್ಲಿ ಹೋಗುತ್ತಿದ್ದರು. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಕೋಣೆ, ಅದರಲ್ಲಿ ಆಳೆತ್ತರದ ಒಂದು ಯಂತ್ರ, ಕಾಸು ಹಾಕಿದರೆ ಆಟ. ನಡೆಸುತ್ತಿದ್ದವರು ಒಬ್ಬ ಮಲಯಾಳಿ ಸಾಬರು, ಎಲ್ಲರ ಬಾಯಲ್ಲೂ ಇಕ್ಕಾ, ಎಂದರೆ ಅಣ್ಣ. ಆಮೇಲೆ ಅವರು ಗಲ್ಫಿಗೆ ಹೋದರು, ಕೋಣೆ ಮುಚ್ಚಿತು, ಯಂತ್ರ ಗುಜರಿಗೆ ಹೋಗಿರಬೇಕು ಎಂದು ಸಾರ್ ನಂಬಿದ್ದರು. ಆ ಯಂತ್ರದ ಮಾತು ಬಂದರೆ ಅವರ ದನಿ ಬದಲಾಗುತ್ತಿತ್ತು. ಅಲ್ಲಿ ಆಡಿದ್ದೇ ಅಸಲು. ಮನೆಯ ಟೀವಿಗೆ ಜೋಡಿಸುವ ಪೆಟ್ಟಿಗೆಗಳಿಗೆಂದು ಕಂಪನಿಯವರು ಅದೇ ಆಟವನ್ನು ಮತ್ತೆ ಮತ್ತೆ ಮಾಡಿಕೊಟ್ಟದ್ದೆಲ್ಲ ನಕಲು. ನಕಲು ಅಸಲಿಗೆ ಎಷ್ಟು ಹತ್ತಿರ ಬಂದಿದೆ ಎಂದು ನೋಡುವುದೇ ಸಾರ್ ಅವರ ಎರಡನೇ ಉದ್ಯೋಗ.

ಐದು ಪೆಟ್ಟಿಗೆ ಇಟ್ಟಿದ್ದರು. ಒಂದನ್ನೂ ಎಸೆದಿರಲಿಲ್ಲ. ಮೊದಲನೆಯದು ಮೈಸೂರಿನಿಂದ ತಂದ ಹಳೆಯ ಕ್ಯಾಸೆಟ್ ಪೆಟ್ಟಿಗೆ. ಆಟದಲ್ಲಿ ಒಂದು ಬಂದರಿನ ದೃಶ್ಯ ಬರುತ್ತದೆ, ಸಂಜೆ ಹೊತ್ತು, ಹಿಂದೆ ದೋಣಿಗಳು, ಮೂಲೆಯಲ್ಲಿ ಒಬ್ಬ ಚಹಾ ಮಾರುವವನು. ಯಾರಾದರೂ ಗೆದ್ದರೆ ಅವನು ಕೆಟಲ್ ಎತ್ತಿ ಸಿಳ್ಳೆ ಹಾಕುತ್ತಾನೆ. ಈ ಮೊದಲ ನಕಲಿನಲ್ಲಿ ಚಹಾದವನೇ ಇಲ್ಲ, ಏಳು ದೋಣಿಯ ಜಾಗದಲ್ಲಿ ಮೂರು. "ಜಾಗ ಸಾಲದೆ ಬಡಪಾಯಿಯನ್ನು ಕೆಲಸದಿಂದ ತೆಗೆದಿದ್ದಾರೆ" ಎಂದು ಸಾರ್ ನಿಜವಾಗಿ ಬೇಸರ ಮಾಡಿಕೊಳ್ಳುತ್ತಿದ್ದರು. ಎರಡನೆಯದು ಪೇಟೆಯ ಅಗ್ಗದ ಮಾಲು. ಅದರಲ್ಲಿ ಆಟಗಾರರೇ ಅರ್ಧ, ಬಲೆಯವನಿಗೆ ಬಲೆಯೇ ಇಲ್ಲ. ಅದಕ್ಕೆ ಸಾರ್ ಇಟ್ಟದ್ದು ಕಾಫಿಪುಡಿಗೆ ಬೆರೆಸುವ ಅಗ್ಗದ ಬೇರಿನ ಹೆಸರು, ಚಿಕೋರಿ. ಮೂರನೆಯದು ಸಿಡಿಯದು. ಎಲ್ಲರೂ ಇದ್ದಾರೆ, ಸಂಗೀತವೂ ಸೊಗಸು, ಆದರೆ ಒಂದು ಹೊಡೆದಾಟ ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಅಕ್ಕ ಪಾತ್ರೆ ತೊಳೆದು ಬರುತ್ತಿದ್ದರು. ಸಾರ್ ಅದನ್ನು ಕಾಫಿಯ ನಾಲ್ಕು ನಿಮಿಷದ ಗಡಿಯಾರದಲ್ಲೇ ಅಳೆದಿದ್ದರು. ನಾಲ್ಕನೆಯದು ಹೊಸ ಚಪ್ಪಟೆ ಟೀವಿಗೆ. ಗುಂಡಿ ಒತ್ತಿದರೆ ಬಲೆಯವನು ಸ್ವಲ್ಪ ಯೋಚನೆ ಮಾಡಿ ಹೊಡೆಯುತ್ತಿದ್ದ. "ಮಾನ್ಯರು ಮೀಟಿಂಗ್ ಕರೆದು ಹೊಡೀತಾರೆ" ಎಂದು ಸಾರ್ ಲೇವಡಿ ಮಾಡುತ್ತಿದ್ದರು. ಐದನೆಯದು ಇತ್ತೀಚಿನದು, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡದ್ದು. ದೋಣಿ ಏಳು, ಚಹಾದವನು ಇದ್ದಾನೆ, ಸಿಳ್ಳೆಯೂ ಇದೆ.

ಹೋಲಿಸುವ ಕ್ರಮವೂ ಸ್ಯಾಂಪಲ್ ರೂಮಿನದೇ. ಪೆಟ್ಟಿಗೆಯ ಮೇಲೆ ಟವೆಲ್ ಮುಚ್ಚಿ, ನನ್ನನ್ನು ಅಡುಗೆಮನೆಗೆ ಕಳುಹಿಸಿ, ವಯರು ಬದಲಿಸಿ, ಮತ್ತೆ ಕರೆಯುತ್ತಿದ್ದರು. "ಯಾವುದು ಹೇಳು ನೋಡುವ." ಅಜ್ಜಿ ಕೊಡೆ ಬಿಚ್ಚುವ ರೀತಿಯಲ್ಲೇ ನಾನು ಪೆಟ್ಟಿಗೆ ಗುರುತಿಸುವ ಹಾಗಾದೆ. ಅದಕ್ಕೊಂದು ಉದ್ದ ನೋಟ್‌ಬುಕ್ಕು, ಪ್ರತಿ ಪುಟದಲ್ಲೂ ಎರಡು ಕಾಲಂ. ಬೇರೆ ತಪ್ಪುಗಳು ಪೆಟ್ಟಿಗೆಗೊಂದು ಥರ. ಆದರೆ ಐದೂ ಪುಟದ ಕೊನೆಯ ಸಾಲು ಒಂದೇ: "ಆಕಾಶ ತಪ್ಪು."

ಬಂದರಿನ ಆಕಾಶ ಐದೂ ನಕಲಿನಲ್ಲಿ ಕೇಸರಿ, ಕುಂಕುಮಕ್ಕೆ ಅರಿಸಿನ ಬೆರೆಸಿ ಚೆಲ್ಲಿದ ಹಾಗೆ. ಸಾರ್‌ಗೆ ಅದನ್ನು ಕಂಡರೆ ಮೈಯೆಲ್ಲ ಉರಿ. "ಕ್ಯಾಲೆಂಡರಿನ ಸೂರ್ಯಾಸ್ತ ಮಾಡಿ ಇಟ್ಟಿದ್ದಾರೆ. ಅಸಲಿನಲ್ಲಿ ಆಕಾಶ ಹಸಿರು. ಮಳೆ ಹಿಡಿಯುವ ಮುಂಚೆ ಬರ್ತದಲ್ಲ, ಆ ಬೆಳಕು. ಅಂಥ ಬೆಳಕಲ್ಲಿ ಇಬ್ಬರು ಹೊಡೆದಾಡೂದು ಅಂದ್ರೆ! ಅದನ್ನು ಮಾಡಿದವ ಕಲಾವಿದ. ಇವರಿಗೆ ಅದು ಎಲ್ಲಿ ಅರ್ಥ ಆಗ್ಬೇಕು?"

"ಹೌದು ಸಾರ್, ಆಕಾಶ ತಪ್ಪು" ಎಂದು ನನ್ನ ಕಾಲಮ್ಮಿನಲ್ಲೂ ಬರೆದೆ. ಐದು ಸಲ ಬರೆದೆ. ಗೋಣಿಕೊಪ್ಪಲಿನ ಆ ಯಂತ್ರವನ್ನು ನಾನು ಕನಸಿನಲ್ಲೂ ನೋಡಿರಲಿಲ್ಲ!

ಈ ವರ್ಷದ ಮೊದಲಲ್ಲಿ ಮ್ಯಾನೇಜರು ಸಾರ್‌ರನ್ನು ಕೇಳಿದರು: ನಿಮ್ಮ ನಂತರ ಆ ಕುರ್ಚಿಗೆ ಇವಳು ಆಗುತ್ತಾಳೋ, ಚಿಕ್ಕಮಗಳೂರಿನಿಂದ ಬೇರೆಯವರನ್ನು ಕರೆಸಬೇಕೋ, ಬರೆದು ಕೊಡಿ. ನಾನು ಆ ಕುರ್ಚಿಗೆ ಹದಿನಾಲ್ಕು ವರ್ಷ ಕಾದವಳು. ಆಗುತ್ತಾಳೆ ಎಂದು ಸಾರ್ ಬರೆದೇ ಬರೆಯುತ್ತಾರೆ ಎಂದು ಮನೆಯಲ್ಲಿ ಪಾಯಸವನ್ನೂ ಮಾಡಿಯಾಗಿತ್ತು. ವಾರ ಕಳೆಯಿತು, ತಿಂಗಳು ಕಳೆಯಿತು, ಬರೆಯಲಿಲ್ಲ. ತಡೆಯಲಾರದೆ ಕೇಳಿಯೇ ಬಿಟ್ಟೆ.

"ನಿನ್ನ ನಾಲಿಗೆ ನನ್ನದಕ್ಕಿಂತ ಚುರುಕು. ಅದರಲ್ಲಿ ಎರಡು ಮಾತಿಲ್ಲ" ಎಂದರು. "ಆದ್ರೆ ನಾನು ಎದುರು ಇರುವಾಗ ನೀನು ಒಂದು ಸಲವೂ ಇಲ್ಲ ಅನ್ನಲಿಲ್ಲ. ನಾಳೆ ಆ ಜಾಗದಲ್ಲಿ ಮ್ಯಾನೇಜರು ನಿಂತಿರ್ತಾರೆ, ತೋಟದ ಧಣಿ ನಿಂತಿರ್ತಾರೆ. ಅವರ ಮುಖ ಕುಡಿದು ಮಾರ್ಕು ಹಾಕಿದ್ರೆ ರೈತನ ಕಾಫಿ ಏನಾಗ್ಬೇಕು? ನಾನು ಹೇಗೆ ಬರೆಯಲಿ, ನೀನೇ ಹೇಳು."

ಅವತ್ತು ಟಾಯ್ಲೆಟ್ಟಿಗೆ ಹೋಗಿ ಅತ್ತೆ. ಸಿಟ್ಟಿಗೆ ಎರಡು ಭಾನುವಾರ ಅವರ ಮನೆ ಕಡೆ ತಲೆ ಹಾಕಲಿಲ್ಲ. ಮೂರನೇ ಭಾನುವಾರ ಅಕ್ಕ ಫೋನ್ ಮಾಡಿ, "ನಿನ್ನ ಸಿಟ್ಟು ನಿನ್ನ ಸಾರ್ ಮೇಲೆ ಇರ್ಲಿ, ನನ್ನ ಹಪ್ಪಳ ಎಂತ ಮಾಡಿತು?" ಎಂದರು. ಹೋದೆ.

ಅಷ್ಟರಲ್ಲಿ ಒಂದು ಪವಾಡ ನಡೆಯಿತು. ಗೋಣಿಕೊಪ್ಪಲಿನಿಂದ ಮೆಣಸಿನ ವ್ಯಾಪಾರಿಯೊಬ್ಬರು ತಮ್ಮ ಸಣ್ಣ ತೋಟದ ಕಾಫಿ ಸ್ಯಾಂಪಲ್ ಹಿಡಿದು ನಮ್ಮಲ್ಲಿಗೆ ಬಂದರು. ಬಿಳಿ ಗಡ್ಡ, ತಲೆಗೆ ಟೊಪ್ಪಿ. ಸಾರ್‌ರನ್ನು ಕಂಡವರೇ ಚೀಲ ಕೆಳಗಿಟ್ಟು ನಿಂತುಬಿಟ್ಟರು.

"ಅಲ್ಲಾ, ಇದು ನಮ್ಮ ರೈಟರ್ ಸಾರಲ್ವಾ! ಜೀಪ್ ಹಾರ್ನ್ ಹೊಡೆದ್ರೂ ಎದ್ದು ಹೋಗದ ರೈಟರ್!"

ಅದೇ ಇಕ್ಕಾ, ಗಲ್ಫಿನಿಂದ ಎಂದೋ ಮರಳಿ ಬಂದಿದ್ದರು. ಯಂತ್ರ ಗುಜರಿಗೆ ಹೋಗಿರಲಿಲ್ಲ. ಗೋದಾಮಿನ ಅಟ್ಟದ ಮೇಲೆ ಇತ್ತು. ಹಬ್ಬಕ್ಕೆ ಮೊಮ್ಮಕ್ಕಳು ಬಂದಾಗ ಸ್ವಿಚ್ ಹಾಕುತ್ತಾರಂತೆ, ಈಗಲೂ ಕೂಗುತ್ತದಂತೆ. ಸಾರ್ ಆ ದಿನ ಒಂದು ಬಟ್ಟಲನ್ನೂ ಸರಿಯಾಗಿ ರುಚಿ ನೋಡಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಸಾರ್, ಅಕ್ಕ, ನಾನು, ಮೂವರೂ ಕಾರಿನಲ್ಲಿ ಹೊರಟೆವು. ಸಾರ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಹಣೆಗೆ ಗಂಧ ಬೇರೆ. "ಹೆಣ್ಣು ನೋಡ್ಲಿಕ್ಕೆ ಬಂದಾಗ ಇಷ್ಟು ಶೃಂಗಾರ ಇರ್ಲಿಲ್ಲ" ಎಂದರು ಅಕ್ಕ. ದುಬಾರೆಯ ತಿರುವಿನಲ್ಲಿ ಪ್ರವಾಸಿಗಳ ಕಾರು ಸಾಲುಗಟ್ಟಿ ಅರ್ಧ ಗಂಟೆ ನಿಲ್ಲಬೇಕಾಯಿತು. ಸಾರ್ ಆ ಅರ್ಧ ಗಂಟೆಯೂ ಸ್ಟೀರಿಂಗಿನ ಮೇಲೆ ಬಲೆಯವನ ಗುಂಡಿಗಳನ್ನು ಅಭ್ಯಾಸ ಮಾಡುತ್ತಿದ್ದರು. ಮಡಿಲಲ್ಲಿ ನೋಟ್‌ಬುಕ್ಕು. "ಇವತ್ತು ನೋಡು, ಮೂವತ್ತು ವರ್ಷದ ಜಗಳ ತೀರ್ಮಾನ ಆಗ್ತದೆ" ಎನ್ನುತ್ತಲೇ ಇದ್ದರು.

ಅಟ್ಟದ ಮೇಲೆ ಮೆಣಸಿನ ಘಾಟಿಗೆ ಅಕ್ಕ ಏಳು ಸಲ ಸೀನಿದರು. ಚೀಲಗಳ ನಡುವೆ ಯಂತ್ರ ನಿಂತಿತ್ತು. ಇಕ್ಕಾ ಸ್ವಿಚ್ ಹಾಕಿದರು. ಒಳಗೆ ಏನೋ ಗುಂಯ್ ಎಂದಿತು, ಪರದೆ ಮೆಲ್ಲನೆ ಬೆಳಗಿತು, ಸಂಗೀತ ಬಂತು. ಬಂದರು ಬಂತು, ಏಳು ದೋಣಿ ಬಂತು, ಚಹಾದವನು ಬಂದ. ಆಕಾಶ ಹಸಿರು. ನಿಜವಾಗಿಯೂ ಹಸಿರು!

"ನೋಡು! ನೋಡು! ನಾನು ಹೇಳ್ಲಿಲ್ವಾ?" ಸಾರ್ ಮಗುವಿನಂತೆ ಕುಣಿದರು. ಕಣ್ಣಲ್ಲಿ ನೀರು. "ಬರಿ, ಈಗಲೇ ಬರಿ. ಅಸಲು ಹಸಿರು. ಐದೂ ತಪ್ಪು."

ನೋಟ್‌ಬುಕ್ಕು ನನ್ನ ಕೈಗೆ ಬಂತು. ಪೆನ್ನು ತೆಗೆದೆ. ಬರೆಯುವ ಮುಂಚೆ ಪರದೆಯನ್ನು ಇನ್ನೊಮ್ಮೆ ನೋಡಿದೆ. ಆಕಾಶ ಸುಂದರವಾಗಿತ್ತು, ನಿಜ. ಆದರೆ ಬಲೆಯವನ ಮೈಯೂ ಹಸಿರು ಹೊಡೆಯುತ್ತಿತ್ತು. ಬಿಳಿ ಇರಬೇಕಾದ ಅಕ್ಷರ ನೀಲಿಗೆ ತಿರುಗಿತ್ತು. ಅಜ್ಜಿಯ ಕೊಡೆ, ನಾನು ಐದು ಪೆಟ್ಟಿಗೆಯಲ್ಲೂ ಕೆಂಪಾಗಿ ಕಂಡ ಕೊಡೆ, ಇಲ್ಲಿ ಇದ್ದಿಲಿನ ಕಪ್ಪು. ದೋಣಿಯ ಬಾವುಟ ಕಪ್ಪು. ಇಡೀ ಪರದೆಯಲ್ಲಿ ಎಲ್ಲಿಯೂ ಒಂದು ಚೂರು ಕೆಂಪು ಇರಲಿಲ್ಲ. ಎಲ್ಲ ಬಟ್ಟಲಲ್ಲೂ ಒಂದೇ ದೋಷ.

ಹೇಳಿದರೆ ಮೂವತ್ತು ವರ್ಷದ ಅವರ ಸಂತೋಷಕ್ಕೆ ಕಲ್ಲು ಹಾಕಿದ ಹಾಗೆ. ಕುರ್ಚಿ ಇನ್ನೂ ಅವರ ಕೈಯಲ್ಲೇ ಇದೆ. "ಹೌದು ಸಾರ್" ಎಂಬ ಎರಡು ಮಾತು ನಾಲಿಗೆಯ ತುದಿಗೆ ಬಂದೂ ಆಗಿತ್ತು. ಪರದೆಯನ್ನೇ ನೋಡುತ್ತಾ ನಿಂತೆ.

"ಸಾರ್," ಎಂದೆ. "ನೀರು ನೋಡ್ಬೇಕು."

ಯಂತ್ರದ ಸಂಗೀತ ಒಂದು ಸುತ್ತು ಮುಗಿದು ಮತ್ತೆ ಶುರುವಾಯಿತು.

"ಎಂತ ಅಂದೆ?"

"ಆಕಾಶ ಒಂದೇ ಅಲ್ಲ ಸಾರ್. ಕೆಂಪು ಅನ್ನೋದೇ ಇಲ್ಲ ಇದರಲ್ಲಿ. ಐದು ಪೆಟ್ಟಿಗೆ ಸರಿಯಾಗೈತೆ. ಇದೇ ಕೆಟ್ಟೈತೆ."

ಸಾರ್ ಪರದೆ ಹತ್ತಿರ ಹೋಗಿ, ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು. ಆಮೇಲೆ ಇಕ್ಕಾ ಕಡೆ ತಿರುಗಿದರು.

ಇಕ್ಕಾ ಗಡ್ಡ ಕೆರೆದುಕೊಂಡರು. "ಎಂತ ಹೇಳೂದು ಸಾರೇ, ಅದು ತಲಶ್ಶೇರಿಯಿಂದ ಬಂದದ್ದು. ಮಾಕುಟ್ಟ ಘಾಟ್‌ನಲ್ಲಿ ಜೀಪಿಂದ ಎರಡು ಸಲ ಕೆಳಗೆ ಬಿದ್ದಿದೆ. ಬಂದ ದಿನದಿಂದ ಬಣ್ಣ ಹೀಗೇ. ನಾನು ಬೇರೆ ಎಲ್ಲಿ ನೋಡಿದ್ದೆ? ಇದು ಹೀಗೇ ಅಂತ ತಿಳ್ಕೊಂಡೆ."

ಕರೆಂಟು ತೆಗೆದು, ಚೀಲ ಸರಿಸಿ, ಹಿಂದಿನ ಹಲಗೆ ಬಿಚ್ಚಿದೆವು. ಬೋರ್ಡಿನಿಂದ ಪರದೆಗೆ ಹೋಗುವ ಬಣ್ಣದ ವಯರು ಮೂರು. ಹಸಿರು ಕೂತಿತ್ತು, ನೀಲಿ ಕೂತಿತ್ತು. ಕೆಂಪು ವಯರು ತನ್ನ ಜಾಗದಿಂದ ಕಳಚಿ, ಜೇಡರ ಬಲೆಯಲ್ಲಿ ತೂಗುತ್ತಿತ್ತು. ಕೇಸರಿಯಿಂದ ಕೆಂಪು ಹೋದರೆ ಪರದೆಯ ಮೇಲೆ ಉಳಿಯುವುದು ಹಸಿರೇ. ಇಕ್ಕಾ ಅದನ್ನು ಒತ್ತಿ ಕೂರಿಸಿದರು. ಚೀಲ ಸರಿಸಿದ್ದರಿಂದ ಯಂತ್ರದ ಪಕ್ಕದ ಹಲಗೆಯೂ ಕಂಡಿತು. ಆ ಕಾಲದಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದ್ದ ಬದಿ ಅದು. ಅದರ ಮೇಲೆ ಬಂದರಿನ ದೊಡ್ಡ ಚಿತ್ರ ಬರೆದಿತ್ತು, ಆಕಾಶ ಕೇಸರಿ ಬಣ್ಣ.

ಸ್ವಿಚ್ ಹಾಕಿದಾಗ ಪರದೆಯ ತುಂಬ ಸಂಜೆಯ ಕೇಸರಿ. ಅಜ್ಜಿಯ ಕೊಡೆ ಕೆಂಪಾಯಿತು, ಬಲೆಯವನ ಮೈಗೆ ರಕ್ತ ಬಂತು.

ಸಾರ್ ಬಾಯಿಯ ಮೇಲೆ ಕೈಯಿಟ್ಟು ನಿಂತಿದ್ದರು. ಓರೆಗಣ್ಣಲ್ಲಿ ಅಷ್ಟು ಕಂಡೆ, ಪೂರ್ತಿ ತಿರುಗಿ ನೋಡಲು ಧೈರ್ಯ ಸಾಲಲಿಲ್ಲ. ಆಮೇಲೆ ಒಂದು ಸದ್ದು ಕೇಳಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು! ಮೆಣಸಿನ ಚೀಲದ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದೆ ನಗುತ್ತಿದ್ದರು.

"ಅಯ್ಯೋ ದೇವರೇ! ಮೂವತ್ತು ವರ್ಷ! ಮೂವತ್ತು ವರ್ಷ ಆ ಕಂಪನಿಯವರಿಗೆ ಬೈದೆನಲ್ಲೇ! ಎಲ್ಲರಿಗೂ ನೀರು ನೋಡು, ನೀರು ನೋಡು ಅಂತ ಪಾಠ ಹೇಳಿದ ದೊಡ್ಡ ಮನುಷ್ಯ ನಾನು!"

ಅಕ್ಕನಿಗೂ ನಗು ಹತ್ತಿತು, ಇಕ್ಕಾಗೂ ಹತ್ತಿತು. ನನಗೆ ನಗುವೋ ಅಳುವೋ ತಿಳಿಯದೆ ಎರಡೂ ಬಂತು. ಅಟ್ಟದ ಹಲಗೆ ಗಡಗಡ ಎನ್ನುತ್ತಿತ್ತು.

ನಗು ನಿಂತ ಮೇಲೆ ಸಾರ್ ಇಕ್ಕಾ ಹತ್ತಿರ ಮೆಲ್ಲಗೆ ಕೇಳಿದರು, "ಇಕ್ಕಾ, ಒಂದೇ ಒಂದು ಆಟಕ್ಕೆ ಆ ವಯರು ಮತ್ತೆ ತೆಗಿತೀರಾ?"

ತೆಗೆದರು. ಹಸಿರು ಆಕಾಶದ ಕೆಳಗೆ ಸಾರ್ ಬಲೆಯವನನ್ನು ಹಿಡಿದು ನಿಂತರು, ಎದುರಿಗೆ ಅಕ್ಕನ ಅಜ್ಜಿ. ಅಸಲು ಯಂತ್ರ, ಅಸಲು ಗುಂಡಿ, ಇವತ್ತು ಬಿಡುವುದಿಲ್ಲ ಎಂದು ಅಂಗಿಯ ತೋಳು ಮಡಚಿದರು. ಅಕ್ಕ ಒಂದೇ ಗುಂಡಿ ಒತ್ತಿದರು. ಸಾರ್ ಸೋತರು. ಮೂಲೆಯಲ್ಲಿ ಚಹಾದವನು ಕೆಟಲ್ ಎತ್ತಿ ಸಿಳ್ಳೆ ಹಾಕಿದ. ಸೋತವರ ಮುಖದಲ್ಲಿ ಅಂಥ ಖುಷಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ವಾಪಸು ಬರುವಾಗ ಸಿದ್ದಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಸಾರ್ ಜೇಬಿನಿಂದ ಕರ್ಚೀಫ್ ತೆಗೆದು ನನ್ನ ಮುಂದಿಟ್ಟರು. ಬಿಚ್ಚಿದರೆ ಒಳಗೆ ಚಮಚ.

"ಇದು ನಿಂಗೆ. ನಾಳೆ ಮ್ಯಾನೇಜರಿಗೆ ಬರೆದು ಕೊಡ್ತೇನೆ."

"ನೀವು ಬೇಜಾರು ಮಾಡ್ಕೊಂಡಿಲ್ವಾ ಸಾರ್?"

"ಮಾಡ್ಕೊಂಡೆ, ಎರಡು ನಿಮಿಷ" ಎಂದರು. "ಆದ್ರೆ ಹೇಳುವಾಗ ನೀನು ನನ್ನ ಮುಖ ನೋಡ್ಲಿಲ್ಲ."

ನಾನು ಚಮಚವನ್ನು ಮುಟ್ಟಿದೆ. ಬೆಚ್ಚಗಿತ್ತು. ಅಳು ಬಂದದ್ದನ್ನು ಚಹಾದ ಬಿಸಿಗೆ ಎಂದು ಹೇಳಿ ತಪ್ಪಿಸಿಕೊಂಡೆ.

ಬೀಳ್ಕೊಡುಗೆಯ ದಿನ ಶಾಮಿಯಾನ ಬಿಚ್ಚಿದ ಮೇಲೆ ಅವರು ನೋಟ್‌ಬುಕ್ಕನ್ನೂ ನನ್ನ ಮೇಜಿನ ಮೇಲಿಟ್ಟು ಹೋಗಿದ್ದರು. ತೆರೆದು ನೋಡಿದೆ. ಐದೂ ಪುಟದ "ಆಕಾಶ ತಪ್ಪು" ಎಂಬ ಸಾಲಿನ ಮೇಲೆ ಒಂದೊಂದೇ ಗೆರೆ, ಕೆಳಗಿನ ಅಕ್ಷರ ಓದಲು ಬರುವ ಹಾಗೆ. ಪಕ್ಕದಲ್ಲಿ "ನೀರು ತಪ್ಪು" ಎಂದು ಬರೆದು ಸಹಿ. ನನ್ನ ಕಾಲಂ ಹಾಗೇ ಬಿಟ್ಟಿದ್ದರು. ಅದನ್ನು ನಾನೇ ಹೊಡೆದು ಐದು ಸಹಿ ಹಾಕಿದೆ. ಆರನೆಯ ಪುಟ ಹೊಸದು. ಅದರ ಮೇಲೆ ಅವರ ದುಂಡು ಅಕ್ಷರ: "ಗೋಣಿಕೊಪ್ಪಲು ಯಂತ್ರ, ಕೆಂಪು ವಯರು ತೆಗೆದು. ದೋಣಿ ಏಳು. ಚಹಾದವನು ಇದ್ದಾನೆ. ಸಿಳ್ಳೆ ಉಂಟು. ಆಕಾಶ ಹಸಿರು. ನೂರಕ್ಕೆ ನೂರು." ಎರಡನೆಯ ಕಾಲಂ ಖಾಲಿ.

ಹೊಸ ಕುರ್ಚಿಯಲ್ಲಿ ಕೂತು ಮೊದಲ ದಿನದ ಬಟ್ಟಲುಗಳೆಲ್ಲ ಮುಗಿದ ಮೇಲೆ ಆ ಕಾಲಂ ತುಂಬಿಸಿ ಅವರಿಗೆ ಫೋನ್ ಮಾಡಿದೆ. ಹಿಂದೆ ಡಿಶ್ ಡಿಶ್ ಎಂದು ಕೇಳುತ್ತಿತ್ತು.

"ಎಷ್ಟು ಹಾಕಿದೆ?" ಎಂದರು.

"ತೊಂಬತ್ತು ಸಾರ್."

"ತೊಂಬತ್ತಾ! ಹತ್ತು ಎಲ್ಲಿಗೆ ಹೋಯ್ತು ಮಾರಾಯ್ತಿ?"

"ಆಕಾಶ ತಪ್ಪು ಸಾರ್" ಎಂದೆ.

ಆಚೆ ಕಡೆಯ ನಗು ನಿಲ್ಲುವವರೆಗೂ ಫೋನನ್ನು ಕಿವಿಯಿಂದ ದೂರ ಹಿಡಿದುಕೊಂಡಿದ್ದೆ.